ಶಾಲೆಯ ಹಿತ್ತಿಲ ರಾಶಿ

ನಮ್ಮ ಕಡೆಯ ಹಳೇ ಸರ್ಕಾರಿ ಶಾಲೆಗಳ ಹಿತ್ತಿಲಲ್ಲಿ ಒಂದು ರಾಶಿ ಇದ್ದೇ ಇರುತ್ತದೆ. ಕಾಲು ಮುರಿದ ಡೆಸ್ಕು, ಸೂರು ರಿಪೇರಿಯಾದಾಗ ಇಳಿಸಿದ ಹಂಚು, ಪಕಾಸಿ, ರೀಪು, ತುಕ್ಕು ಹಿಡಿದ ಕಿಟಕಿ ಸರಳು. ಚಿತ್ರ ಬರೆಯುವುದೇ ಕಸುಬಾದ ನನಗೆ ಅಂಥ ರಾಶಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಸಾಗರ ಸೀಮೆಯ ಹಳ್ಳಿಯೊಂದರಲ್ಲಿ ಮಕ್ಕಳ ಜೊತೆಗೂಡಿ, ಆ ರಾಶಿಯಿಂದಲೇ ಓದುವ ಕೋಣೆಯೊಂದನ್ನು ಅಣಿಗೊಳಿಸಿದ ಮೇಲಂತೂ ಇದಕ್ಕಿಂತ ಸೊಗಸಿನ ಕೆಲಸ ಇನ್ನೊಂದಿಲ್ಲ ಅನಿಸಿದೆ.

ಹೊಸ ಸಾಮಾನಾದರೆ ಮೊದಲು ನಕ್ಷೆ, ಆಮೇಲೆ ಅಂಗಡಿ. ಹಳೆಯದರಲ್ಲಿ ಹಾಗಲ್ಲ. ಇರುವುದೇನೆಂದು ಮೊದಲು ನೋಡಬೇಕು, ಎತ್ತಬೇಕು, ತಟ್ಟಬೇಕು. ಗಟ್ಟಿ ಹಂಚು ತಟ್ಟಿದರೆ ಠಣ್ ಎನ್ನುತ್ತದೆ. ಬಿರುಕು ಬಿಟ್ಟದ್ದರ ದನಿ ಬದ್ದು. ಗೆದ್ದಲು ತಿಂದ ಹಲಗೆಗೆ ಉಗುರು ಊರಿದರೆ ಒಳಕ್ಕೆ ಹೋಗುತ್ತದೆ. ಮಕ್ಕಳು ಇದನ್ನೆಲ್ಲ ಮಧ್ಯಾಹ್ನದ ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಕಲಿತು, ಯಾವುದು ಬೇಕು, ಯಾವುದು ಬೇಡ ಎಂದು ತಾವೇ ವಿಂಗಡಿಸಿದರು. ಕೋಣೆ ಹೇಗಿರಬೇಕೆಂಬ ಮಾತು ಅಲ್ಲಿಂದಲೇ ಹುಟ್ಟಿತು.

ಹಂಚಿನ ಮಣ್ಣು ಕೆರೆಯುವಾಗ ಏಳನೇ ತರಗತಿಯ ಹುಡುಗಿಯೊಬ್ಬಳ ಬೆರಳಿಗೆ ಏನೋ ಉಬ್ಬು ತಗುಲಿತು. ಹಳೇ ಪೇಪರಿನ ಹಾಳೆಯನ್ನು ಅದರ ಮೇಲಿಟ್ಟು, ಕ್ರೇಯಾನನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಲು ಹೇಳಿದೆ. ‘ಸಾರ್, ಅಕ್ಷರ ಬಂತು!’ ಎಂದು ಕೂಗಿದಳು. ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರು, ಜೊತೆಗೆ 1865 ಎಂಬ ಇಸವಿ ಕಾಗದದ ಮೇಲೆ ಮೂಡಿತ್ತು. ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಯ ಮೇಲೆ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಅದು. ಹೊಳೆ ದಂಡೆಯ ಜೇಡಿಮಣ್ಣು ಅಚ್ಚಾಗಿ, ಸುಟ್ಟು, ಘಟ್ಟ ಹತ್ತಿ ಬಂದು ತಮ್ಮ ತಲೆಯ ಮೇಲೆ ಸೂರಾಗಿತ್ತು ಎಂದು ತಿಳಿದದ್ದೇ ತಡ, ಎಲ್ಲರೂ ಒಂದೊಂದು ಹಂಚು ಹಿಡಿದು ಉಜ್ಜಲು ಕೂತರು. ಆ ಹಾಳೆಗಳೆಲ್ಲ ಈಗ ಕಿಟಕಿಯ ಮೇಲೆ ಸಾಲಾಗಿ ಅಂಟಿವೆ.

ಒಡೆದ ಚೂರುಗಳಿಗೂ ಜಾಗ ಸಿಕ್ಕಿತು. ಮಳೆಗಾಲದಲ್ಲಿ ತೇವ ಏರಿ ಸುಣ್ಣ ಉದುರುತ್ತಿದ್ದ ಗೋಡೆಯ ಬುಡಕ್ಕೆ ಗಾರೆ ಮೆತ್ತಿ, ಚೂರು ಕೂರಿಸಿ, ಮೊಣಕಾಲೆತ್ತರದ ಪಟ್ಟಿ ಮಾಡಿದೆವು. ಕೈ ಕೆಲಸ ಮಾಡುತ್ತಿರುವಾಗ ಬಾಯಿಗೆ ಕತೆ ಬೇಕಲ್ಲ, ನೇಕ್ ಚಂದರದನ್ನು ಹೇಳಿದೆ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರಾಗಿದ್ದ ಅವರು ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲುಗಳನ್ನು ಒಟ್ಟುಮಾಡಿ ಕಾಡಂಚಿನಲ್ಲಿ ಯಾರಿಗೂ ತಿಳಿಯದಂತೆ ಬೊಂಬೆಗಳನ್ನು ಮಾಡುತ್ತಾ ಹೋದರು. ಆ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಕತೆ ಮುಗಿಯುವ ಹೊತ್ತಿಗೆ ಮಕ್ಕಳ ಜೇಬಿನಲ್ಲಿ ಅಮ್ಮನ ಒಡೆದ ಬಳೆಗಳೂ ಬರಬೇಕೆಂದು ತೀರ್ಮಾನವಾಗಿತ್ತು. ಮರುದಿನ ಬಂದವು. ಹಂಚಿನ ಕೆಂಪಿನ ನಡುವೆ ಹಸಿರು ಗಾಜು ಎಷ್ಟು ಚೆಂದ ಹೊಂದುತ್ತದೆ!

ಪಟ್ಟಿಯ ಮೇಲಿನ ಗೋಡೆಗೆ ಬಣ್ಣದ ಡಬ್ಬಿ ತರಲಿಲ್ಲ. ಕೆಮ್ಮಣ್ಣು ಬಳಿದು, ಹಸೆ ಚಿತ್ತಾರ ಬಲ್ಲ ದೀವರ ಅಜ್ಜಿಯೊಬ್ಬರನ್ನು ಕರೆದೆವು. ಪುಂಡಿನಾರಿನ ಕುಂಚವನ್ನು ಅರೆದ ಅಕ್ಕಿಯ ಬಿಳಿಯಲ್ಲಿ ಅದ್ದಿ ಅವರು ಎಳೆದ ಗೆರೆ ಸ್ಕೇಲಿಲ್ಲದೆಯೂ ನೇರ. ಒಬ್ಬ ಹುಡುಗನ ಗೆರೆ ಸೊಟ್ಟಗಾಗಿ ಅವನು ನಿಂತುಬಿಟ್ಟಾಗ ಅಜ್ಜಿ, ‘ಗೆರೆ ಅಲ್ಲಾಡಿದ್ರೆ ಅಲ್ಲಾಡ್ಲಿ ಮಗಾ, ಕೈ ನಿಲ್ಲಿಸ್ಬ್ಯಾಡ’ ಅಂದರು. ನಾನು ಕಲಿತ, ಕಲಿಸಿದ ಚಿತ್ರಪಾಠಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ನೆನಪಿಲ್ಲ.

ಕಟ್ಟಡವೇ ಪಾಠದ ಸಾಮಗ್ರಿಯಾಗಬೇಕೆಂದು ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ‘ಬಾಲಾ’ ಎಂಬ ವಿಚಾರ ಬೆಳೆಸಿದ್ದಾರೆ. ಅದರಿಂದ ಒಂದನ್ನು ಎತ್ತಿಕೊಂಡೆವು. ಬಾಗಿಲ ತಿರುಗಣೆಯ ಬುಡದಲ್ಲಿ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ಬಾಗಿಲು ಸುತ್ತುವ ದಾರಿಯನ್ನು ನೆಲದ ಮೇಲೆ ಗೀರಿದೆವು. ಆ ಕಮಾನಿನ ಮೇಲೆ ಡಿಗ್ರಿಗಳನ್ನು ಗುರುತು ಹಾಕಿದ್ದಾಯಿತು. ಈಗ ‘ಬಾಗಿಲು ಸ್ವಲ್ಪ ತೆಗಿಯೋ’ ಎಂದರೆ ‘ಎಷ್ಟು ಡಿಗ್ರಿ?’ ಎಂದು ಕೇಳುತ್ತಾರೆ.

ರಾಶಿಯಲ್ಲಿ ಸಿಕ್ಕ ಒಂದೇ ಒಂದು ಗಾಜಿನ ಹಂಚನ್ನು ಸೂರಿಗೆ ಏರಿಸಿದೆವು. ಬೆಳಿಗ್ಗೆ ಪಡುಗೋಡೆಯ ಮೇಲೆ ಬೀಳುವ ಬಿಸಿಲು ಮಧ್ಯಾಹ್ನಕ್ಕೆ ನೆಲಕ್ಕಿಳಿದು, ಸಂಜೆ ಮೂಡುಗೋಡೆ ಹತ್ತುತ್ತದೆ. ಅದು ನಿಂತಲ್ಲೆಲ್ಲ ಗಂಟೆಗೊಂದು ಗುರುತು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಮಧ್ಯಾಹ್ನದ ಬಿಸಿಲು ಉತ್ತರಕ್ಕೆ ಜರುಗಿತು. ಹಳೇ ಗುರುತಿಗೆ ಹೊಂದಲಿಲ್ಲ. ಏಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ಭೂಮಿಯ ಓರೆಯನ್ನು ವಿವರಿಸಲು ವಿಜ್ಞಾನದ ಮೇಷ್ಟರಿಗೆ ಬೇರೆ ಪೀಠಿಕೆ ಬೇಕಾಗಲಿಲ್ಲ.

ಡೆಸ್ಕಿನ ಹಲಗೆಗಳು ಪುಸ್ತಕದ ಕಪಾಟಾದವು. ಉಪ್ಪುಕಾಗದದಲ್ಲಿ ಉಜ್ಜುವಾಗ, ಹಿಂದಿನವರು ಕೈವಾರದಿಂದ ಕೆತ್ತಿದ ಹೆಸರುಗಳನ್ನು ಅಳಿಸಕೂಡದೆಂದು ಮಕ್ಕಳೇ ಹಟ ಹಿಡಿದರು. ಅದರಲ್ಲೊಂದು ತನ್ನ ಚಿಕ್ಕಪ್ಪನದೇ ಎಂದು ಒಬ್ಬ ಸಾಧಿಸುತ್ತಲೇ ಇದ್ದಾನೆ. ಆ ಹಲಗೆ ಎಲ್ಲರ ಕಣ್ಣಿಗೆ ಬೀಳುವಂತೆ ಮೇಲಿನ ಸಾಲಿನಲ್ಲಿದೆ.

ಮುಂದಿನ ಮಳೆಗಾಲದಲ್ಲಿ ಗೋಡೆಯ ಪಟ್ಟಿಯಿಂದ ಒಂದಷ್ಟು ಚೂರು ಕಳಚಿ ಬಿದ್ದವು. ನಾನು ಹೋಗುವಷ್ಟರಲ್ಲಿ ಮಕ್ಕಳು ಗಾರೆ ಕಲಸಿ ಮತ್ತೆ ಕೂರಿಸಿಯಾಗಿತ್ತು. ಯಾರನ್ನೂ ಕೇಳಿರಲಿಲ್ಲ, ಕೇಳಬೇಕೆಂದು ತೋಚಿಯೂ ಇರಲಿಲ್ಲ. ತಾವೇ ಕಟ್ಟಿದ್ದನ್ನು ತಾವೇ ಸರಿಮಾಡಲು ಯಾರ ಅಪ್ಪಣೆ ಬೇಕು? ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಊರಿನ ಶಾಲೆಗೆ ಬಣ್ಣ ಹೊಡೆಸಿಕೊಡಲು ಮುಂದೆ ಬರುವ ಹಳೇ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಸುಣ್ಣ ಕೊಡಿಸಿ, ಮೊಳೆ ಕೊಡಿಸಿ, ಬಡಗಿಯ ಕೂಲಿ ಕೊಡಿ. ಕುಂಚವನ್ನು ಮಾತ್ರ ಮಕ್ಕಳ ಕೈಯಲ್ಲೇ ಬಿಡಿ.