ಕಟಕಟೆಯಲ್ಲಿ ಉಪಾಧ್ಯಾಯರು

ಬೆಂಗಳೂರಿಗೆ ನಾವು ಹೊಸಬರು. ನಿಲ್ಲಿಸಕೂಡದ ಸ್ಥಳದಲ್ಲಿ ಸ್ಕೂಟರನ್ನು ನಿಲ್ಲಿಸಿದೆವೆಂದು ಪೊಲೀಸರ ಚೀಟಿ ಬಂದಿತು. ನಿಷೇಧದ ಫಲಕವಾದರೋ ಹೊಂಗೆಯ ಕೊಂಬೆಯ ಮರೆಯಲ್ಲಿದ್ದಿತು. 1988ರ ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನಂತೆ, 2019ರ ತಿದ್ದುಪಡಿಯಾದ ಮೇಲೆ, ಮೊದಲ ತಪ್ಪಿಗೆ ದಂಡವು 500 ರೂಪಾಯಿಗಳವರೆಗೆ. “ಕಟ್ಟಿಬಿಡಿ, ಕೋರ್ಟಿನ ಅಲೆದಾಟವೇಕೆ?” ಎಂದರು ಮನೆಯವರು. ಕಟ್ಟಿದರೆ ಮಾಡದ ತಪ್ಪನ್ನು ಒಪ್ಪಿದಂತಲ್ಲವೇ? ಛಾಯಾಚಿತ್ರವನ್ನು ತೆಗೆದುಕೊಂಡು ಹೋದೆವು.

“ತಪ್ಪನ್ನು ಒಪ್ಪುವಿರಾ?” ಎಂದರು ಮ್ಯಾಜಿಸ್ಟ್ರೇಟರು. ಇದೇ ಪ್ರಶ್ನೆಯನ್ನು ನಾವು ಎಷ್ಟು ಹುಡುಗರಿಗೆ ಹಾಕಿದ್ದೆವು! ಉತ್ತರಕ್ಕೆ ಕಾದದ್ದುಂಟೇ? ನಾಲಗೆ ಒಣಗಿತು, ಇಲ್ಲವೆಂದೆವು. ಎರಡು ವಾಯಿದೆಗಳು ಕಳೆದ ಬಳಿಕ, ಚಿತ್ರವನ್ನು ಸಾವಧಾನವಾಗಿ ನೋಡಿ ನಮ್ಮನ್ನು ಬಿಟ್ಟರು.

ಉಳಿದ ಹಣವು ಎಂದೋ ಖರ್ಚಾಯಿತು. ಕೇಳದೆಯೇ ಬೆತ್ತವನ್ನೆತ್ತಿದ ದಿನಗಳ ನೆನಪು ಮಾತ್ರ ಕರಗಲಿಲ್ಲ.