ಮೂರು ಊರುಗಳ ಕಾಫಿ

ಸೋಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯ ಮೇಲೆ ಉಮರ್ಗಾ. ಅಲ್ಲಿಂದ ಈಶಾನ್ಯಕ್ಕೆ ನಿಲಂಗಾ. ಇನ್ನೂ ಮುಂದೆ ಹೋದರೆ ಕೋಟೆಯ ಊರಾದ ಉದಗೀರ. ನಿಲಂಗಾ, ಉದಗೀರಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರವು ಮೈಸೂರಿಗೆ ಸೇರಿತು. ಈ ಊರುಗಳು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ಪೇಟೆಯಲ್ಲಿ ಮರಾಠಿ, ಹಲವು ಮನೆಗಳ ಒಳಗೆ ಕನ್ನಡ. ಯಾವ ಭಾಷೆಯ ಮನೆಯಾದರೂ ಬಂದವರಿಗೆ ಮೊದಲು ಕೊಡುವುದು ಚಹಾ.

ಇಂಥ ಚಹಾದ ಸೀಮೆಯಲ್ಲಿ ಕಾಫಿಯ ವಿಚಾರವೇಕೆಂದು ಓದುಗರು ಕೇಳಬಹುದು. ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಕಾಫಿಯ ರುಚಿ ಕಲಿತು ಬರುತ್ತಿದ್ದಾರೆ. ರುಚಿಯ ಹಿಂದೆಯೇ ಯಂತ್ರಗಳೂ ಬರುತ್ತಿವೆ. ಆದ್ದರಿಂದ ಈ ಮೂರು ಊರುಗಳ ಸಂಚಾರದಲ್ಲಿ ನಾವು ಕಾಫಿಯ ಬಟ್ಟಲನ್ನೂ ಗಮನಿಸಿದೆವು.

ಉಮರ್ಗಾದ ಹೆದ್ದಾರಿಯ ಹೋಟೆಲಿನಲ್ಲಿ ಕಾಫಿ ಕೇಳಿದರೆ, ಕುದಿಯುವ ಹಾಲಿಗೆ ಪೊಟ್ಟಣದ ಪುಡಿಯೊಂದನ್ನು ಸುರಿದು ಕೊಟ್ಟರು. ಆ ಪುಡಿಯು ಕಾರ್ಖಾನೆಯಲ್ಲಿ ಒಮ್ಮೆ ಕಾಫಿ ಇಳಿಸಿ, ಒಣಗಿಸಿ ಮಾಡಿದ್ದು. ಬಸ್ಸು ಹೊರಡುವ ಅವಸರದಲ್ಲಿರುವ ಪ್ರಯಾಣಿಕನಿಗೆ ಅದು ಸಾಕು.

ನಿಲಂಗಾದಲ್ಲಿ ನಾವು ಇಳಿದುಕೊಂಡ ಮನೆಯಲ್ಲಿ ನಿಜವಾದ ಎಸ್ಪ್ರೆಸೊ ಯಂತ್ರವಿತ್ತು. ಪುಣೆಯಲ್ಲಿರುವ ಮಗನು ತಂದೆತಾಯಿಗಳಿಗಾಗಿ ಕೊಂಡು ತಂದದ್ದು. ಮನೆಯವರು ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ ಇಟ್ಟಿದ್ದರು. “ಮಗ ಬಂದಾಗ ತೆಗೀತೀವಿರಿ ಸರ್, ಇಲ್ಲಾಂದ್ರ ಮನಸ್ಸಿಗೆ ಹಚ್ಚಿಕೋತಾನ” ಎಂದರು ಆ ತಾಯಿ.

ಯಂತ್ರದ ಗುಣವನ್ನು ಅಲ್ಲಗಳೆಯಲಾಗದು. 1901ರಲ್ಲಿ ಇಟಲಿಯ ಮಿಲಾನ್ ನಗರದ ಲುಯಿಜಿ ಬೆಜ್ಜೆರಾ ಎಂಬವನು ಆವಿಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರವನ್ನು ರೂಪಿಸಿದನು. ಎರಡನೆಯ ಮಹಾಯುದ್ಧದ ತರುವಾಯ ಅದೇ ನಗರದ ಅಕಿಲೆ ಗಾಜಿಯಾ ಸನ್ನೆಯ ಬಲದಿಂದ ಆ ಒತ್ತಡವನ್ನು ಬಹಳ ಹೆಚ್ಚಿಸಿದನು. ಈಗಿನ ಯಂತ್ರಗಳು ವಾತಾವರಣದ ಸುಮಾರು 9 ಪಟ್ಟು ಒತ್ತಡದಲ್ಲಿ ಬಿಸಿನೀರನ್ನು ನುಣುಪಾದ ಪುಡಿಯೊಳಗೆ ನುಗ್ಗಿಸಿ, 25–30 ಸೆಕೆಂಡುಗಳಲ್ಲಿ ನೊರೆಗಟ್ಟಿದ ದಪ್ಪ ರಸವನ್ನು ಇಳಿಸುತ್ತವೆ. ಅಂಥ ನೊರೆ ನಮ್ಮ ಫಿಲ್ಟರಿನಿಂದ ಬಾರದು. ಗಿರಾಕಿಗಳು ಸಾಲುಗಟ್ಟಿ ನಿಲ್ಲುವ ಅಂಗಡಿಗೆ ಆ ವೇಗ ಬೇಕೇ ಬೇಕು. ಬೆಳಗಿನಲ್ಲಿ ಇಬ್ಬರೇ ಕುಳಿತು ಕುಡಿಯುವ ಮನೆಗೆ ಆ ಅರ್ಧ ನಿಮಿಷಕ್ಕಾಗಿ ಹತ್ತಾರು ಸಾವಿರ ರೂಪಾಯಿ ತೆರಬೇಕೆ? ಮೇಲೆ, ಆಗಿಂದಾಗ್ಗೆ ನುಣ್ಣಗೆ ಬೀಸಲು ಇನ್ನೊಂದು ಯಂತ್ರವೂ ಬೇಕು.

ನೀರಿನ ಸಂಗತಿ ಇದಕ್ಕಿಂತ ದೊಡ್ಡದು. ಕಪ್ಪು ಕಲ್ಲಿನ ಈ ಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಯಂತ್ರದ ಸಣ್ಣ ನಳಿಗೆಗಳಲ್ಲೂ ಕಟ್ಟಿ ದಾರಿ ಮುಚ್ಚುತ್ತದೆ. ಮೆದು ನೀರು ಹಾಕಬೇಕು, ಆಗಾಗ ಪದರ ಕರಗಿಸಬೇಕು. 2016ರ ಏಪ್ರಿಲಿನಲ್ಲಿ ಇದೇ ಜಿಲ್ಲೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತೆಂಬುದನ್ನು ನೆನೆದರೆ, ನೀರಿನ ವಿಷಯದಲ್ಲಿ ಇಷ್ಟು ನಾಜೂಕಾದ ಅತಿಥಿಯನ್ನು ಸಾಕುವುದು ಇಲ್ಲಿ ಸುಲಭವಲ್ಲ.

ಉದಗೀರದಲ್ಲಿ ಒಂದು ಮದುವೆಗೆ ಹೋದೆವು. ಚಪ್ಪರದ ಮೂಲೆಯಲ್ಲಿ ‘ಎಸ್ಪ್ರೆಸೊ’ ಎಂಬ ಹೆಸರಿನ ಯಂತ್ರವೊಂದು ಬುಸುಗುಡುತ್ತಿತ್ತು. ನೋಡಿದರೆ, ಹಾಲು, ಸಕ್ಕರೆ ಹಾಗೂ ಅದೇ ಪೊಟ್ಟಣದ ಪುಡಿಯ ಮಿಶ್ರಣಕ್ಕೆ ಆವಿ ಹಾಯಿಸಿ ನೊರೆ ಎಬ್ಬಿಸುತ್ತಿದ್ದರು! ಇಟಲಿಯ ಹೆಸರು, ಉಮರ್ಗಾದ ಕಾಫಿ. ಆದರೂ ಮಕ್ಕಳು ಸಂತೋಷದಿಂದ ಕುಡಿದರು.

ಮರುದಿನ ಅದೇ ಊರಿನ ಒಂದು ಮನೆಯಲ್ಲಿ, ಹಾಸನದ ಕಡೆಯಿಂದ ಬಂದ ಸೊಸೆಯು ತವರಿನ ಹಿತ್ತಾಳೆ ಫಿಲ್ಟರಿನಲ್ಲಿ ಕಾಫಿ ಇಳಿಸಿದಳು. ಇಬ್ಬರಿಗೆ ಮೂರು ದೊಡ್ಡ ಚಮಚೆ ಪುಡಿ. ಅದನ್ನು ಹಗುರಾಗಿ ಒತ್ತಿ, ಕುದಿ ಇಳಿದ ಒಂದು ಬಟ್ಟಲು ನೀರನ್ನು ಮೆಲ್ಲಗೆ ಸುರಿದು, ಮುಚ್ಚಿ ಕಾಲು ಗಂಟೆ ಬಿಟ್ಟಳು. ಒತ್ತಡದ ಕೆಲಸವನ್ನು ಇಲ್ಲಿ ಕಾಲವೇ ಮಾಡುತ್ತದೆ. ದೇವಣಿ ಹಸುವಿನ ಹಾಲನ್ನು ಕಾಯಿಸಿ ಆ ಡಿಕಾಕ್ಷನ್ನಿಗೆ ಬೆರೆಸಿದಳು. ದೇವಣಿಯೆಂಬುದು ಈ ಸೀಮೆಯದೇ ಹೆಸರಾಂತ ತಳಿ. ಆ ಪರಿಮಳವು ಪಡಸಾಲೆಯವರೆಗೂ ಬಂದಿತು.

ಫಿಲ್ಟರಿಲ್ಲದ ಮನೆಯವರೂ ಎದೆಗುಂದಬೇಕಾಗಿಲ್ಲ. ಕುದಿದ ನೀರನ್ನು ಒಲೆಯಿಂದ ಇಳಿಸಿ ಪುಡಿ ಹಾಕಿ, ನಾಲ್ಕು ನಿಮಿಷ ಮುಚ್ಚಿಟ್ಟು, ತೊಳೆದ ತೆಳು ಬಟ್ಟೆಯಲ್ಲಿ ಸೋಸಿದರಾಯಿತು. ಪುಡಿಯನ್ನು ಹಾಕಿ ಕುದಿಸಬಾರದು, ಕಹಿ ಹೆಚ್ಚುತ್ತದೆ.

ಆ ಸೊಸೆಗಿದ್ದ ಕೊರತೆ ಪುಡಿಯದು. ಚಹಾದ ಪೇಟೆಯಲ್ಲಿ ಕಾಫಿಪುಡಿ ಬೇಗ ಖರ್ಚಾಗದೆ ಅಂಗಡಿಯಲ್ಲೇ ಹಳತಾಗುತ್ತದೆ. ಚಿಕೋರಿ ಬೆರೆತದ್ದಾದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ಓದಿಕೊಳ್ಳಬೇಕು. ಶೇಕಡಾ 49ರ ವರೆಗೆ ಬೆರೆಸಲು ಕಾನೂನಿನ ಅನುಮತಿಯುಂಟು. ಹಳೆಯ ಪುಡಿಗೆ ಲಕ್ಷ ರೂಪಾಯಿಯ ಯಂತ್ರವೂ ಪರಿಮಳ ಕೊಡಲಾರದು; ಹೊಸ ಪುಡಿಗೆ ಬಟ್ಟೆಯ ತುಂಡೇ ಸಾಕು.

ಆದಕಾರಣ ದೂರದ ಊರುಗಳಲ್ಲಿರುವ ನಮ್ಮ ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳಿಗೆ ಕಾಫಿಯ ಕಾಣಿಕೆ ಕೊಡುವ ಮನಸ್ಸಿದ್ದರೆ, ಆಗತಾನೆ ಹುರಿದು ಬೀಸಿದ ಪಾವು ಕಿಲೋ ಪುಡಿಯನ್ನು ತನ್ನಿರಿ. ಅದರ ಪರಿಮಳ ಕೆಲವೇ ವಾರಗಳದು. ಅದು ತೀರುವ ಮುನ್ನ ನೀವು ಮತ್ತೊಮ್ಮೆ ಊರಿಗೆ ಬರಬೇಕಾದೀತು. ನಿಲಂಗಾದ ಆ ತಾಯಿಗೆ ಬೇಕಾಗಿರುವುದೂ ಅದೇ ಎಂದು ನಮಗೆ ತೋರಿತು.