ಮುನಿರ್ಕಾಕ್ಕೆ ಬಂದ ಆನೆಮರಿ

ತಿಪಟೂರಿನ ಕೊಬ್ಬರಿ ಎಲ್ಲಿಗೆ ಹೋಗುತ್ತದೆ ಅಂತ ಊರಿನಲ್ಲಿದ್ದಾಗ ನಾನು ಯೋಚಿಸಿದವಳೇ ಅಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಕಾಯಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಡಕ್ ಲೊಡಕ್ ಅನ್ನುತ್ತದೆ. ಅದನ್ನು ಸುಲಿದು, ಚಿಪ್ಪು ಒಡೆದು, ಉಂಡೆ ಉಂಡೆಯಾಗೇ ತೆಗೆದು ಚೀಲಕ್ಕೆ ತುಂಬಿ ಅಪ್ಪ ಮಾರ್ಕೆಟ್ಟಿಗೆ ಹಾಕಿ ಬರುತ್ತಿದ್ದರು. ನಮ್ಮ ಮಟ್ಟಿಗೆ ಕೊಬ್ಬರಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮದುವೆಯಾಗಿ ದಿಲ್ಲಿಗೆ ಬಂದ ಮೇಲೆ ಮುಂದಿನ ಕಥೆ ತಿಳಿಯಿತು. ಇಲ್ಲಿ ಅದರ ಹೆಸರು ಗೋಲಾ. ದೀಪಾವಳಿ ಕಳೆದು ಬರುವ ಭಾಯಿ ದೂಜ್ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ತಿಲಕವಿಟ್ಟು ಕೈಗೆ ಕೊಡುವುದು ಇದೇ ಉಂಡೆ ಕೊಬ್ಬರಿಯನ್ನು. ನಮ್ಮೂರ ಅಟ್ಟದಲ್ಲಿ ಇದ್ದದ್ದು ಎರಡು ಸಾವಿರ ಕಿಲೋಮೀಟರು ದಾಟಿ ಬಂದು ಯಾರೋ ತಂಗಿಯ ತಟ್ಟೆಯಲ್ಲಿ ಕೂರುತ್ತದೆ.

ನಮ್ಮ ಮನೆಯವರದು ಇದೇ ವ್ಯಾಪಾರ. ಕಾಯಿ, ಕೊಬ್ಬರಿ, ಜೊತೆಗೆ ಒಂದಿಷ್ಟು ಬಾಳೆಎಲೆ, ಕರಿಬೇವು. ಅಂಗಡಿ ಇಲ್ಲ; ಅಂಗಡಿಗಳಿಗೆ ತಂದುಕೊಡುವವರು. ಮುನಿರ್ಕಾ, ಆರ್.ಕೆ. ಪುರ, ಕರೋಲ್ ಬಾಗ್, ಮಯೂರ್ ವಿಹಾರ್ ಅಂತ ದಕ್ಷಿಣದವರು ಇರುವ ಕಡೆಯೆಲ್ಲ ಸುತ್ತುತ್ತಾರೆ. ಹಬ್ಬದ ಹೊತ್ತಿಗೆ ಮಾತ್ರ ಉತ್ತರದವರಿಗೂ ನಾವೇ ಬೇಕು. ಹಾಗಾಗಿ ನಮಗೆ ದೀಪಾವಳಿ ಅಂದರೆ ಸುಗ್ಗಿ. ಮನೆಯಲ್ಲಿ ಎಣ್ಣೆನೀರು, ಕಜ್ಜಾಯ, ಸುಣ್ಣಬಣ್ಣ. ಹೊರಗೆ ಖಾರಿ ಬಾವಲಿ, ಓಖ್ಲಾ ಮಂಡಿ, ಟ್ರಾನ್ಸ್‌ಪೋರ್ಟ್ ನಗರ. ಇದರ ನಡುವೆ 2025ರ ದೀಪಾವಳಿಗೆ ಹೊಸ ಗಾಡಿ ಕೊಳ್ಳುವುದೂ ಸೇರಿಕೊಂಡಿತು.

ಹಳೆಯದು 2010ರಲ್ಲಿ ಕೊಂಡದ್ದು, ಕಾಮನ್‌ವೆಲ್ತ್ ಗೇಮ್ಸ್ ನಡೆದ ವರ್ಷ. ಸಿಎನ್‌ಜಿ ಗಾಡಿ. ಟಾಟಾ ಏಸ್ 2005ರಲ್ಲಿ ಬಂದದ್ದೇ ತಡ ಇಲ್ಲಿನವರು ಅದಕ್ಕೆ ಛೋಟಾ ಹಾಥಿ ಅಂತ ಹೆಸರಿಟ್ಟರು. ನಮ್ಮ ಮನೆಯಲ್ಲಿ ಅದು ಆನೆಮರಿ. ಹದಿನೈದು ವರ್ಷ ದುಡಿದು ತಳದ ತಗಡು ಎಲ್ಲೆಲ್ಲಿ ತೂತಾಗಿತ್ತೆಂದರೆ, ಕಾಯಿ ಚೀಲ ಹರಿದರೆ ರಿಂಗ್ ರೋಡಿನ ತುಂಬ ಕಾಯಿ ಉರುಳುವ ಹಾಗಿತ್ತು. ಅದರ ಮೇಲೆ ವಯಸ್ಸಿನ ಲೆಕ್ಕ. ದಿಲ್ಲಿಯಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷ, ಪೆಟ್ರೋಲಿಗೆ ಹದಿನೈದು ಅಂತ ಹಸಿರು ನ್ಯಾಯಮಂಡಳಿ 2014 ಮತ್ತು 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹೌದೆಂದಿತು. 2025ರ ಜುಲೈ ಒಂದರಿಂದ ಮುದಿ ಗಾಡಿಗಳಿಗೆ ಬಂಕಿನಲ್ಲಿ ಎಣ್ಣೆ ಇಲ್ಲ ಅಂತ ಕ್ಯಾಮೆರಾ ಹಾಕಿದರು, ಕೆಲವೇ ದಿನದಲ್ಲಿ ಕೈಬಿಟ್ಟರು. ಆಗಸ್ಟಿನಲ್ಲಿ ಕೋರ್ಟು, ಬರೀ ವಯಸ್ಸಾಯಿತು ಅಂತ ಮಾಲೀಕರ ಮೇಲೆ ಸದ್ಯಕ್ಕೆ ಕ್ರಮ ಬೇಡ ಎಂದಿತು. ಇವರು ಪೇಪರು ಮಡಿಚಿಟ್ಟು, "ಕೋರ್ಟು ಬಿಟ್ರೂ ತಗಡು ಬಿಡಲ್ಲ ಕಣೇ" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ತೀರ್ಮಾನವಾಯಿತು ಅಂದೆ, ಆದರೆ ಅದು ಅಷ್ಟು ಸುಲಭದ್ದಲ್ಲ. ಊರಲ್ಲಿ ಇವರ ಪಾಲಿಗೆ ಬಂದ ಎರಡೆಕರೆ ತೋಟವನ್ನು ನನ್ನ ಅಣ್ಣನೇ ನೋಡಿಕೊಳ್ಳುತ್ತಾನೆ. ಅವನಿಗೂ ಅರವತ್ತಾಯಿತು, ಮಂಡಿ ನೋವು. ನಾಲ್ಕು ವರ್ಷದಿಂದ ಒಂದೇ ಮಾತು: "ಆ ಗಾಡಿ ಕೆಟ್ಟ ದಿನ ಬಂದ್ಬಿಡಿ." ನಾವೂ ಹ್ಞೂಂ ಅನ್ನುತ್ತಲೇ ಇದ್ದೆವು. ಗಾಡಿ ಇರುವವರೆಗೆ ಹ್ಞೂಂ ಅನ್ನಲು ಏನು ಖರ್ಚು? ಈಗ ಗಾಡಿ ಕೆಟ್ಟಿತು. ಅದೇ ವರ್ಷ ಕೊಬ್ಬರಿಗೆ ಹಿಂದೆಂದೂ ಇಲ್ಲದ ಬೆಲೆ. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದರೆ, ತಿಪಟೂರು ಮಾರುಕಟ್ಟೆ ಅದರ ಎರಡು ಪಟ್ಟನ್ನೂ ದಾಟಿತು. "ಈ ಬೆಲೆಗೂ ಬರ್ದಿದ್ರೆ ಇನ್ಯಾವಾಗ ಬರ್ತೀರಿ?" ಅಂತ ಅಣ್ಣ ಕೇಳಿದ. ಮರದಲ್ಲಿ ಕಾಯಿ ಕಚ್ಚದ್ದರಿಂದಲೇ ಬೆಲೆ ಏರಿದ್ದು, ಬೆಲೆ ನೋಡಿ ಊರಿಗೆ ಹೋದವರ ಅಟ್ಟ ಖಾಲಿಯೇ ಇರುತ್ತದೆ ಅಂತ ನನಗನ್ನಿಸಿತು. ಫೋನಿನಲ್ಲಿ ಹೇಳಲಿಲ್ಲ.

ಕೊಳ್ಳುವುದಾದರೆ ಆಯುಧಪೂಜೆಗೆ ಬರಲಿ ಅಂತ ನನ್ನಾಸೆ. ಅಕ್ಟೋಬರ್ ಒಂದಕ್ಕೆ ಆಯುಧಪೂಜೆ. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು, ಅವತ್ತೇ ಇಂಥ ಗಾಡಿಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಪಿತೃಪಕ್ಷದ ಹದಿನೈದು ದಿನ ನೊಣ ಹೊಡೆಯುತ್ತಿದ್ದ ಶೋರೂಮುಗಳಲ್ಲಿ ಒಮ್ಮೆಲೇ ಜಾತ್ರೆ. ಆದರೆ ನಮ್ಮ ದುಡ್ಡೆಲ್ಲ ದುಬಾರಿ ಕೊಬ್ಬರಿಯೊಳಗೆ ಸಿಕ್ಕಿಕೊಂಡಿತ್ತು. ಚೀಲ ಕರಗಿದರೆ ಮುಂಗಡಕ್ಕೆ ದುಡ್ಡು, ಚೀಲ ಕರಗಬೇಕಾದರೆ ಓಡಾಡಲು ಗಾಡಿ. ಮನೆ ಯಜಮಾನಿ, ಮುನಿರ್ಕಾದ ಜಾಟರ ಮುದುಕಿ, ಮಂಚದ ಮೇಲೆ ಕೂತೇ ಪರಿಹಾರ ಹೇಳಿದಳು: ಧನತೇರಸ್ ಇರುವಾಗ ಬೇರೆ ಮುಹೂರ್ತ ಯಾಕೆ? ಲೋಹ ಕೊಳ್ಳುವ ದಿನ ಅದು. ಒಂದು ಚಮಚ ಕೊಂಡರೂ ಸಾಕು, ನೀವು ಗಾಡಿಯನ್ನೇ ಕೊಳ್ಳಿ. ಸರಿ, ಅಕ್ಟೋಬರ್ 18, ಶನಿವಾರ ಅಂತ ಗೊತ್ತಾಯಿತು.

ಮುನಿರ್ಕಾ ಹೇಗಿದೆ ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಊರ ಕಡೆಯವರು ದಿಲ್ಲಿ ಅಂದರೆ ಕರ್ತವ್ಯ ಪಥದಷ್ಟು ಅಗಲ ಅಂದುಕೊಂಡಿರುತ್ತಾರೆ. ಒಂದು ಕಡೆ ಜೆ.ಎನ್.ಯು., ಇನ್ನೊಂದು ಕಡೆ ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸು, ಕೂಗಿದರೆ ಕೇಳುವಷ್ಟು ದೂರದಲ್ಲಿ ವಸಂತ ವಿಹಾರದ ಬಂಗಲೆಗಳು. ನಡುವೆ ಈ ಹಳ್ಳಿ. ಹೊಲ ಯಾವತ್ತೋ ಹೋಯಿತು, ಹೆಸರು ಮಾತ್ರ ಹಳ್ಳಿ. ಗಲ್ಲಿಯ ಎರಡೂ ಬದಿ ನಾಲ್ಕೈದು ಮಹಡಿ ಎದ್ದು ಮೇಲೆ ತಲೆಗೆ ತಲೆ ತಾಗಿಸಿ ನಿಂತಿವೆ. ಮಣಿಪುರದ ಹುಡುಗಿಯರು, ಬಿಹಾರದ ವಿದ್ಯಾರ್ಥಿಗಳು, ಕೇರಳದ ನರ್ಸುಗಳು ಎಲ್ಲರೂ ಬಾಡಿಗೆದಾರರು. ನಾವು ಮೂರನೇ ಮಹಡಿ. 2018ರಲ್ಲಿ ಮೆಟ್ರೋ ಬಂತು, ಆದರೆ ನಮ್ಮ ಗಲ್ಲಿಗೆ ಈಗಲೂ ಆನೆಮರಿ ಬರುವುದಿಲ್ಲ. ಬಾಬಾ ಗಂಗನಾಥ ಮಾರ್ಗದ ಕಡೆ ಎಲ್ಲಾದರೂ ನಿಲ್ಲಿಸಿ, ಚೀಲ ಹೆಗಲ ಮೇಲೆ.

ಇದೇ ಕಾರಣಕ್ಕೆ ಕರೆಂಟಿನ ಗಾಡಿ ನಮ್ಮ ಕೈತಪ್ಪಿತು. ಮಗ ಬಿ.ಕಾಂ. ಓದುವವನು, ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿ ತೋರಿಸಿದ. ದಿಲ್ಲಿಯ ಎಷ್ಟೋ ರಸ್ತೆಗಳಲ್ಲಿ ಬೆಳಿಗ್ಗೆ ಸಂಜೆ ಸರಕು ಗಾಡಿಗೆ ಪ್ರವೇಶವಿಲ್ಲ. ಕರೆಂಟಿನ ಸಣ್ಣ ಗಾಡಿಗಳಿಗೆ ಮಾತ್ರ 2021ರಲ್ಲಿ ಆ ಕಟ್ಟು ಸಡಿಲಿಸಿದರು. ಹೊಗೆ ಹೆಚ್ಚಾದಾಗ ಡೀಸೆಲ್ಲಿಗೆ ಬರುವ ನಿರ್ಬಂಧವೂ ಅದಕ್ಕಿಲ್ಲ. ಲೆಕ್ಕವೆಲ್ಲ ಅದರ ಪರವಾಗಿಯೇ ಇತ್ತು. "ಚಾರ್ಜು ಎಲ್ಲಿ ಮಾಡ್ತೀಯೋ?" ಅಂದೆ. ಹುಡುಗ ಕಿಟಕಿ ನೋಡಿದ. ಮೂರನೇ ಮಹಡಿಯಿಂದ ವೈರು ಇಳಿಸಿ, ಗಲ್ಲಿ ದಾಟಿಸಿ, ರಸ್ತೆಯವರೆಗೆ? ಕೆಳಗೆ ಮುದುಕಿಯ ಕಿವಿಗೆ ಈ ಮಾತು ಬಿದ್ದು, ನನ್ನ ಮೀಟರಿಗೆ ಆನೆ ಕಟ್ಟಬೇಡಿ ಅಂತ ಅಲ್ಲಿಂದಲೇ ಕೂಗಿದಳು. ಮತ್ತೆ ಸಿಎನ್‌ಜಿಯೇ ಗತಿ. ಅದಕ್ಕೂ ಪಂಪಿನಲ್ಲಿ ಸಾಲು ಇದೆ, ಆದರೆ ಸಾಲು ನಿಲ್ಲುವುದು ನಮಗೆ ಗೊತ್ತಿರುವ ವಿದ್ಯೆ.

ಹಬ್ಬದ ವಾರ ಬಂತು. ಸಹಾಯಕ ಹುಡುಗ ಬಿಹಾರದವನು, ದೀಪಾವಳಿ ಆದ ಆರನೇ ದಿನಕ್ಕೆ ಛಠ್. ರೈಲು ಸಿಕ್ಕಿದ್ದೇ ಪುಣ್ಯ ಅಂತ ಮುಂಚೆಯೇ ಹೊರಟುಹೋದ. ಇವರು ಮತ್ತು ಮಗ ಇಬ್ಬರೂ ಹಳೇ ಗಾಡಿಯ ಮೇಲೆ. ಹಾಗಾಗಿ ಹೊಸ ಗಾಡಿಯ ವ್ಯವಹಾರ ನನ್ನ ಫೋನಿಗೆ ಬಂತು. ಗುರುವಾರ ಬೆಳಿಗ್ಗೆ ಕಜ್ಜಾಯಕ್ಕೆ ಪಾಕ ಇಟ್ಟಿದ್ದೆ. ಗಿರಣಿಯವನು ಒದ್ದೆ ಅಕ್ಕಿ ಮುಟ್ಟುವುದಿಲ್ಲ, ಅವನ ಗೋಧಿ ಕಲ್ಲು ಕೆಡುತ್ತದಂತೆ. ಮಿಕ್ಸಿಯಲ್ಲೇ ತಿರುವಿ ಜರಡಿ ಹಿಡಿದು ಮುಗಿಸಿದ್ದೆ. ಬೆಲ್ಲ ನೊರೆಯೇಳುವ ಹೊತ್ತಿಗೆ ಶೋರೂಮಿನ ಹುಡುಗನ ಫೋನು. ಪಾಕದ ಹತ್ತಿರ ನಿಂತವಳಿಗೆ ಆತುರವಿಲ್ಲ ಅಂತ ಅವನಿಗೇನು ಗೊತ್ತು? ಗಾಡಿಯ ಬೆಲೆ ಇಳಿದದ್ದನ್ನು ಮೊದಲು ಹಾಡಿ ಹೊಗಳಿದ. ಆಮೇಲೆ ಒಂದೊಂದೇ ಬಂತು. ಸಾಗಾಣಿಕೆಯದು ಇಷ್ಟು, ಫೈಲಿನದು ಇಷ್ಟು, ಕಂಪನಿ ವಿಮೆ ಇಷ್ಟು. ವಿಮೆ ಅವರಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಅದನ್ನು ಹೇಳಿದೆ. ಧನತೇರಸ್ ದಿನವೇ ಬೇಕಾದರೆ ಹೀಗೇ ಮೇಡಂ ಅಂದ. ನಾನು ಪಾಕದ ಒಂದು ಹನಿ ನೀರಿಗೆ ಬಿಟ್ಟೆ, ಉಂಡೆ ಕಟ್ಟಲಿಲ್ಲ. ಇನ್ನೂ ಟೈಮಿತ್ತು. ನನಗೆ ಧನತೇರಸ್ ಏನೂ ಇಲ್ಲಪ್ಪ, ನಮ್ಮ ಹಬ್ಬ ಸೋಮವಾರ, ಬೇಕಾದರೆ ಕಾರ್ತೀಕದಲ್ಲಿ ತಗೋತೀವಿ ಅಂದೆ. ಅವನು ಮೇಲಿನವರನ್ನು ಕೇಳಿ ಬರುತ್ತೇನೆ ಅಂತ ಹೋದ. ಎರಡನೇ ಹನಿ ಗಟ್ಟಿಯಾಯಿತು. ಒಲೆ ಆರಿಸಿ, ಹಿಟ್ಟು ಸುರಿದು, ಗಂಟಾಗದ ಹಾಗೆ ತೊಳೆಸುತ್ತಿರುವಾಗ ಮತ್ತೆ ಬಂದ. ಫೈಲಿನದು ಬಿಟ್ಟ, ವಿಮೆ ನಮ್ಮಿಷ್ಟ ಅಂದ. ಸಾಗಾಣಿಕೆಯದು ಮಾತ್ರ ಬಿಡಲಿಲ್ಲ. ಅರ್ಧ ಗೆದ್ದರೆ ಸಾಕು, ಕೈ ಬೇರೆ ಬಿಡುವಿರಲಿಲ್ಲ.

ಕೊನೆಗೆ ಅವನು ಕೇಳಿದ್ದು ಸಾಲ ಎಷ್ಟು ತಿಂಗಳಿಗೆ ಅಂತ. ಮೂವತ್ತಾರು, ನಲವತ್ತೆಂಟು, ಅರವತ್ತು. ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಮೂರು ವರ್ಷ ಅಂದರೆ ಕಂತು ಭಾರ. ಐದು ವರ್ಷ ಅಂದರೆ ಇವರಿಗೆ ಐವತ್ತೆಂಟು, ಅಣ್ಣನಿಗೆ ಅರವತ್ತೈದು. "ಅರವತ್ತು ಬರ್ಕೊಳ್ಳಿ" ಅಂದೆ. ಹಿಂದಿಯಲ್ಲಿ ಹೇಳಿದ್ದು, ಸಾಠ್. ಕನ್ನಡದಲ್ಲಾಗಿದ್ದರೆ ಅಷ್ಟು ಬೇಗ ಬಾಯಿಗೆ ಬರುತ್ತಿತ್ತೋ ಇಲ್ಲವೋ.

ಶನಿವಾರ ಸಂಜೆ ಗಾಡಿ ಬಂತು, ಕನ್ನಡಿಗೆ ರಿಬ್ಬನ್ ಕಟ್ಟಿಕೊಂಡು. ಬೂದುಗುಂಬಳ ಹುಡುಕಲು ಹೋಗಲಿಲ್ಲ. ಕಾಯಿ ವ್ಯಾಪಾರದವರ ಮನೆಯಲ್ಲಿ ಕಾಯಿಗೇನು ಬರ? ಒಂದು ನಿವಾಳಿಸಿ ಒಡೆದೆ, ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಮುದುಕಿ ಕೋಲೂರಿಕೊಂಡು ರಸ್ತೆಯವರೆಗೂ ಬಂದು ಮುಂದುಗಡೆ ಸಿಂಧೂರದಲ್ಲಿ ಸ್ವಸ್ತಿಕ ಬರೆದಳು. ಇವರು ಹೊಸ ಗಾಡಿಯನ್ನು ಎರಡು ಸುತ್ತು ಸುತ್ತಿ, ತಳದ ತಗಡನ್ನು ಬೆರಳಿನಲ್ಲಿ ಬಡಿದು ನೋಡಿದರು. ಹಳೆಯದು ಎದುರಿಗೇ ನಿಂತಿತ್ತು, ಗುಜರಿಗೆ ಹೋಗಲು.

ಭಾನುವಾರ ನೀರು ತುಂಬುವ ಹಬ್ಬ. ಊರಲ್ಲಿ ಹಂಡೆ ತಿಕ್ಕಿ, ಹೂ ಸುತ್ತಿ, ಗಂಗೆಪೂಜೆ ಮಾಡಿ ತುಂಬುವುದು ವರ್ಷಕ್ಕೊಮ್ಮೆ. ಮುನಿರ್ಕಾದಲ್ಲಿ ನೀರು ತುಂಬುವ ಹಬ್ಬ ದಿನಾ ಇದೆ. ನಲ್ಲಿ ಬರುವ ಹೊತ್ತಿಗೆ ಎದ್ದು ಮೋಟಾರು ಹಾಕಬೇಕು, ಇಲ್ಲದಿದ್ದರೆ ಮೇಲಿನ ಟ್ಯಾಂಕು ಒಣಗಿರುತ್ತದೆ. ಅಮ್ಮ ಕೊಟ್ಟ ತಾಮ್ರದ ಹಂಡೆ ಬಚ್ಚಲಿನ ಅರ್ಧ ಜಾಗ ತಿನ್ನುತ್ತದೆ, ಆದರೂ ಇಟ್ಟುಕೊಂಡಿದ್ದೇನೆ. ಸೋಮವಾರ ಬೆಳಗಿನ ಜಾವ ಇಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕಿದೆ. ಇವರು ತಲೆ ಒರೆಸಿಕೊಳ್ಳುತ್ತಲೇ ಹೊಸ ಕೀಲಿ ತೆಗೆದುಕೊಂಡು ಇಳಿದರು. ಮೊದಲ ಲೋಡು ಟ್ರಾನ್ಸ್‌ಪೋರ್ಟ್ ನಗರದಿಂದ ಬರಬೇಕಿತ್ತು, ಅಣ್ಣ ಕಳಿಸಿದ ಕೊಬ್ಬರಿ.

ಬುಧವಾರ ಬಲಿಪಾಡ್ಯಮಿ. ಇವರಿಗೆ ಅದು ಗೋವರ್ಧನ ಪೂಜೆ. ಕೆಳಗೆ ಅಂಗಳದಲ್ಲಿ ಮುದುಕಿ ಮತ್ತು ಸೊಸೆಯರು ಸಗಣಿಯಲ್ಲಿ ದೊಡ್ಡ ಗೋವರ್ಧನನನ್ನು ಮಲಗಿಸುತ್ತಿದ್ದರು. ಅದರಲ್ಲೇ ಒಂದು ಹಿಡಿ ಇಸಕೊಂಡು ಬಂದು ನಾನು ಹೊಸಿಲಿಗೆ ಕೆರಕ ಇಟ್ಟೆ. ಹುಚ್ಚೆಳ್ಳು ಹೂ ಇಲ್ಲಿ ಸಿಗದು, ಚೆಂಡು ಹೂ ಚುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಅಣ್ಣ ಫೋನು ಮಾಡಿದ. ಮರುದಿನ ಭಾಯಿ ದೂಜ್ ಆದ್ದರಿಂದ ಅಂಗಡಿಯವರ ಫೋನುಗಳ ನಡುವೆ ಅವನದೂ ಒಂದು. ಗಾಡಿ ಫೋಟೋ ನೋಡಿದೆ, ಚೆನ್ನಾಗಿದೆ ಅಂದ. ಸಾಲ ಎಷ್ಟು ವರ್ಷಕ್ಕೆ ಅಂತ ಕೇಳಿದ. ಐದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಕೋಳಿ ಕೂಗುವುದು ಕೇಳಿಸಿತು. "ಹಂಗಾರೆ ತೋಟಕ್ಕೆ ಒಬ್ಬ ಆಳು ನೋಡ್ಬೇಕು" ಅಂದ. ಆಮೇಲೆ, ಹಿಂದುಗಡೆ ಊರ ಹೆಸರು ಬರೆಸು, ಕನ್ನಡದಲ್ಲೇ ಬರೆಸು ಅಂದ.

ಶುಕ್ರವಾರ ಪೇಂಟರ್ ಸಿಕ್ಕಿದ, ಅಲೀಗಢದವನು. ಮಗ ಫೋನಿನಲ್ಲಿ ದೊಡ್ಡದಾಗಿ ತಿಪಟೂರು ಅಂತ ಬರೆದು ಅವನ ಮುಂದೆ ಹಿಡಿದ. ಅಕ್ಷರ ಅಂತ ಬರೆಯಲಿಲ್ಲ ಅವನು, ಹೂಬಳ್ಳಿಯ ಚಿತ್ರ ಬಿಡಿಸಿದ ಹಾಗೆ ಬಿಡಿಸಿದ. 'ಟೂ' ಹತ್ತಿರ ಎರಡು ಸಲ ಒರೆಸಿದ. ಕೊನೆಗೆ ಬ್ರಷ್ ಎತ್ತಿ ಹಿಡಿದು, ಈ ಕೊನೆಯದರ ಬಾಲ ಎಲ್ಲಿಗೆ ನಿಲ್ಲಿಸಲಿ ಅಂತ ನನ್ನನ್ನು ಕೇಳಿದ.